ಹಳೇ ಗಾಡಿಯ ಕರೆಂಟ್ ಕಾಟ: ಬ್ಯಾಟರಿ ಬದಲಿಸುವ ಮೊದಲು ಏನೇನು ಅಳೆಯಬೇಕು, ಯಾವ ಕ್ರಮದಲ್ಲಿ

ಹೊಸ ಬ್ಯಾಟರಿ ಹಾಕಿಸಿ ಮೂರು ತಿಂಗಳಾಗಿಲ್ಲ, ಬೆಳಗ್ಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಬಿಚ್ಚಿ ರಿಪೇರಿ ಮಾಡಿಸಿದ್ದಾಯಿತು, ಆದರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆಗಾಗ ಮಿಣುಕುತ್ತದೆ. ಮಳೆ ಬಂದ ದಿನ ಹಾರ್ನ್ ಇಲ್ಲ, ಬಿಸಿಲು ಬಿದ್ದ ಮೇಲೆ ತಾನಾಗಿಯೇ ಸರಿ. ಮೈಸೂರು, ಮಂಡ್ಯದ ಸುತ್ತ ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರು, ಪಿಕಪ್ ಇಟ್ಟುಕೊಂಡವರ ಬಾಯಲ್ಲಿ ಹೆಚ್ಚುಕಡಿಮೆ ಇದೇ ಗೋಳು. ದುಡ್ಡು ಖರ್ಚಾಗಿದೆ, ಅಳತೆ ಮಾತ್ರ ಆಗಿಲ್ಲ. ಪದೇ ಪದೇ ಮರುಕಳಿಸುವ ತೊಂದರೆಯ ಮೂಲ ಬಹುಪಾಲು ಸಲ ಬದಲಿಸಿದ ಪಾರ್ಟಿನಲ್ಲಿ ಇರುವುದೇ ಇಲ್ಲ. ಅದಕ್ಕೆ ಕರೆಂಟ್ ತಂದುಕೊಡುವ, ವಾಪಸ್ ಒಯ್ಯುವ ದಾರಿಯಲ್ಲಿ ಇರುತ್ತದೆ.

ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಬ್ಯಾಟರಿ ಅರ್ಧ ಇಳಿದಿರುವಾಗ ಮುಂದಿನ ಯಾವ ರೀಡಿಂಗನ್ನೂ ನಂಬುವಂತಿಲ್ಲ. ಅರ್ತ್ (ಕರೆಂಟ್ ಬಾಡಿ, ಇಂಜಿನ್ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಸರಿಯಿಲ್ಲದಾಗ, ಗಾಡಿಯ ಕಂಪ್ಯೂಟರ್ ಹಿಡಿದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ತೋರಿಸುವ ಕೋಡ್‌ಗಳೂ ದಾರಿ ತಪ್ಪಿಸುತ್ತವೆ.

ಮೊದಲು ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಅದರಲ್ಲಿ 10 ಆಂಪಿಯರ್ ಸಾಕೆಟ್ ಇರಲಿ, ಕನಿಷ್ಠ-ಗರಿಷ್ಠ ಹಿಡಿದಿಡುವ ಬಟನ್ ಇದ್ದರೆ ಇನ್ನೂ ಒಳ್ಳೆಯದು. 12 ವೋಲ್ಟಿನ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್, 10 ಮತ್ತು 12 ನಂಬರ್ ಸ್ಪ್ಯಾನರ್, ವೈರ್ ಬ್ರಷ್, ಎಮರಿ ಪೇಪರ್, ಒಂದಿಷ್ಟು ಅಡುಗೆ ಸೋಡಾ, ಕ್ರೊಕೊಡೈಲ್ ಕ್ಲಿಪ್ ಹಾಕಿದ ಎರಡು ಮೂರು ಮೀಟರ್ ಉದ್ದದ ವೈರ್, ಸರಿಯಾದ ಅಳತೆಯ ಬಿಡಿ ಫ್ಯೂಸ್‌ಗಳು. ಜೊತೆಗೆ ಒಂದು ನೋಟ್‌ಬುಕ್.

ಮನೆ ವೈರಿಂಗ್‌ನವರ ಹತ್ತಿರ ಇರುವ ಕ್ಲಾಂಪ್ ಮೀಟರ್ ಕೇಳಿ ತರುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಮನೆಯ ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಬ್ಯಾಟರಿಯದು ಡಿಸಿ ಆದ್ದರಿಂದ ಗಾಡಿಗೆ ಪ್ರಯೋಜನವಿಲ್ಲ. ಡಿಸಿ ಅಳೆಯುವ ಕ್ಲಾಂಪ್ ಸಿಕ್ಕರೆ ಮಾತ್ರ ತನ್ನಿ.

ಕೈ ಹಾಕುವ ಮುನ್ನ

ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಹತ್ತಿರದಲ್ಲಿ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಸ್ಟಿಯರಿಂಗ್ ಮತ್ತು ಸೀಟಿನ ಕೆಳಗಿರುವ ಹಳದಿ ಕಪ್ಲರ್‌ಗಳು (ವೈರ್ ಜೋಡಿಸುವ ಪ್ಲಗ್‌ಗಳು) ಏರ್‌ಬ್ಯಾಗಿನವು. ಅವಕ್ಕೆ ಮೀಟರನ್ನೂ ಇಡಬೇಡಿ, ಟೆಸ್ಟ್ ಲ್ಯಾಂಪನ್ನೂ ಇಡಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಚಾರ್ಜ್ ಮಾಡುತ್ತಿದೆಯಾ’ ಎಂದು ನೋಡುವ ಹಳೇ ಪದ್ಧತಿ ಇವತ್ತಿಗೂ ಕಾಣುತ್ತದೆ. ಹಾಗೆ ಕಿತ್ತ ಕ್ಷಣದಲ್ಲಿ ವೋಲ್ಟೇಜ್ ದಿಢೀರನೆ ಏರಿ ಇಸಿಎಂ (ಇಂಜಿನ್ ಕಂಪ್ಯೂಟರ್), ಮ್ಯೂಸಿಕ್ ಸಿಸ್ಟಮ್, ಡೈನಮೋದ ಡಯೋಡ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಯಾವುದು ಬೇಕಾದರೂ ಸುಟ್ಟುಹೋಗಬಹುದು. ಯಾರಾದರೂ ಸ್ಪ್ಯಾನರ್ ಹಿಡಿದು ಅದಕ್ಕೆ ಹೊರಟರೆ ಕೈ ಹಿಡಿದು ನಿಲ್ಲಿಸಿ.

ಹಂತ 1: ತೊಂದರೆ ಯಾವಾಗ ಬರುತ್ತದೆ, ಬರೆದಿಡಿ

‘ಒಂದೊಂದು ಸಲ ಹಿಂಗಾಗುತ್ತೆ’ ಎಂದರೆ ಎಂಥ ಎಲೆಕ್ಟ್ರಿಷಿಯನ್‌ಗೂ ಕೈಕಟ್ಟಿದಂತೆ. ತೊಂದರೆ ಕಂಡ ಸಲವೆಲ್ಲ ಇಷ್ಟು ಬರೆಯಿರಿ: ಇಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಮಳೆಯೋ ಬಿಸಿಲೋ, ಹೆಡ್‌ಲೈಟ್, ಎಸಿ, ವೈಪರ್ ಯಾವುದು ಆನ್ ಇತ್ತು, ಹಂಪ್ ಹತ್ತಿದಾಗಲೋ ಸ್ಟಿಯರಿಂಗ್ ತಿರುಗಿಸಿದಾಗಲೋ, ಗಾಡಿ ಎಷ್ಟು ದಿನದಿಂದ ನಿಂತಿತ್ತು.

ಮೂರು ನಾಲ್ಕು ಸಲ ಬರೆದ ಮೇಲೆ ಒಂದು ಜಾಡು ಸಿಗುತ್ತದೆ. ನಿಂತಾಗ ಬ್ಯಾಟರಿ ಇಳಿದರೆ ಲೀಕೇಜ್, ಅಂದರೆ ಗಾಡಿ ಆಫ್ ಇದ್ದರೂ ಯಾವುದೋ ಕರೆಂಟ್ ಎಳೆಯುತ್ತಿದೆ. ಲೋಡ್ (ಹೆಡ್‌ಲೈಟ್, ಬ್ಲೋವರ್, ವೈಪರ್) ಹಾಕಿದಾಗ ದೀಪ ಮಂಕಾದರೆ ಚಾರ್ಜಿಂಗ್ ಇಲ್ಲವೇ ಅರ್ತ್. ಹಂಪಿನಲ್ಲಿ ಬಂದರೆ ಸಡಿಲ ಕಪ್ಲರ್ ಅಥವಾ ಒಳಗೆ ತುಂಡಾದ ವೈರ್. ಆಯುಧ ಪೂಜೆಗೆ ಬಾನೆಟ್ ತೆಗೆದು ಪ್ರೆಶರ್ ವಾಷ್ ಹೊಡೆಸಿದ ಮಾರನೇ ವಾರದಿಂದ ಶುರುವಾಗಿದ್ದರೆ ಕಪ್ಲರ್ ಒಳಗೆ ನೀರು ಕೂತಿದೆ ಎಂದೇ ಮೊದಲು ಅನುಮಾನಿಸಿ. ಆ ದಿನ ಸುತ್ತಿದ ಸೀರಿಯಲ್ ಲೈಟಿಗೆ ಎಲ್ಲಿಂದ ಕನೆಕ್ಷನ್ ಕೊಟ್ಟಿದ್ದರು ಅನ್ನುವುದನ್ನೂ ನೆನಪು ಮಾಡಿಕೊಳ್ಳಿ.

ಹಂತ 2: ಬ್ಯಾಟರಿ

ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಬೆಳಗ್ಗೆ ಕೀ ಹಾಕುವ ಮೊದಲೇ ಮೀಟರ್ ಇಡಿ. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬರಿದಾಗಿದೆ. ಹೊರಗಿನ ಚಾರ್ಜರ್ ಹಾಕಿ ತುಂಬಿಸಿದ ಮೇಲೆಯೇ ಮುಂದುವರಿಯಿರಿ.

ಈಗ ಮೀಟರಿನ ಕಡ್ಡಿಗಳನ್ನು ಟರ್ಮಿನಲ್ ಕ್ಲಾಂಪಿನ ಮೇಲೆ ಇಡದೆ ಬ್ಯಾಟರಿಯ ಸೀಸದ ಕಂಬದ ಮೇಲೇ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ, ಅಥವಾ ಸೆಲ್ಫ್ ಮೋಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿದೆ. ಕುಸಿಯದೆ 11ರ ಮೇಲೆಯೇ ನಿಂತು, ಆದರೂ ಇಂಜಿನ್ ನಿಧಾನ ತಿರುಗಿದರೆ ಬ್ಯಾಟರಿ ತಪ್ಪಿತಸ್ಥ ಅಲ್ಲ. ದಾರಿಯಲ್ಲಿ ಎಲ್ಲೋ ತಡೆ ಇದೆ.

ಟರ್ಮಿನಲ್ ಮೇಲಿನ ಬಿಳಿ ಪುಡಿ, ಹಸಿರು ಕಿಲುಬನ್ನು ಸೋಡಾ ನೀರಿನಿಂದ ತೊಳೆದು, ಸೀಸ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಹಚ್ಚಿ. ಮೊದಲು ಹಚ್ಚಿ ಆಮೇಲೆ ಕೂರಿಸುವುದು ತಪ್ಪು.

ಕುವೆಂಪುನಗರದಿಂದ ದೇವರಾಜ ಅರಸು ರಸ್ತೆಗೆ ಹೋಗಿ ಬರುವಷ್ಟೇ ಓಡಾಟ ಇರುವ ಕಾರಿನಲ್ಲಿ ಬ್ಯಾಟರಿ ತುಂಬುವುದೇ ಇಲ್ಲ. ಅಂಥ ಗಾಡಿಯಲ್ಲಿ ದೋಷ ಹುಡುಕುವ ಮೊದಲು ಒಮ್ಮೆ ಪೂರ್ತಿ ಚಾರ್ಜ್ ಮಾಡಿಸಿ ನೋಡಿ.

ಹಂತ 3: ಡೈನಮೋ

ಇಂಜಿನ್ ಸ್ಟಾರ್ಟ್ ಮಾಡಿ, 1,500ರಿಂದ 2,000 ಆರ್‌ಪಿಎಂ ಹಿಡಿದು ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿದ ಮೇಲೂ 13.5ರ ಕೆಳಗೆ ಇಳಿಯಬಾರದು. 15 ದಾಟಿದರೆ ರೆಗ್ಯುಲೇಟರ್ (ಡೈನಮೋದ ವೋಲ್ಟೇಜ್ ಹಿಡಿತದಲ್ಲಿಡುವ ಭಾಗ) ಕೆಟ್ಟಿದೆ, ಬಲ್ಬ್‌ಗಳು ಪದೇ ಪದೇ ಸುಡುವುದಕ್ಕೂ ಬ್ಯಾಟರಿ ನೀರು ಬೇಗ ಒಣಗುವುದಕ್ಕೂ ಇದೇ ಕಾರಣ. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುತ್ತದೆ. ಅಲ್ಲಿ ಬ್ಯಾಟರಿ ತುಂಬಿದ್ದಾಗ 12.6ರ ಹತ್ತಿರ ಕಂಡರೂ ಗಾಬರಿ ಬೇಡ, ಹೆಡ್‌ಲೈಟ್ ಹಾಕಿ ಮತ್ತೆ ನೋಡಿ.

ಮುಂದಿನದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಅದೇ ಜಾಗದಲ್ಲಿ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡೈನಮೋದ ಡಯೋಡ್ ಹೋಗಿದೆ. ಡಿಸಿ ರೀಡಿಂಗ್ ಚೆನ್ನಾಗಿದ್ದರೂ ಡಯೋಡ್ ಕೆಟ್ಟಿರಬಹುದು. ದೀಪಗಳು ಪತಪತ ಮಿನುಗುವುದು, ರೇಡಿಯೋದಲ್ಲಿ ಇಂಜಿನ್ ಜೊತೆ ಏರಿಳಿಯುವ ಗುಂಯ್ ಸದ್ದು, ರಾತ್ರಿ ನಿಂತಾಗ ಬ್ಯಾಟರಿ ಇಳಿಯುವುದು ಮೂರೂ ಈ ಒಂದೇ ಡಯೋಡಿನಿಂದ ಬರಬಹುದು. ಅಗ್ಗದ ಮೀಟರ್‌ಗಳು ಎಸಿಯಲ್ಲಿಟ್ಟರೂ ಡಿಸಿಯನ್ನೇ ಓದಿ ಸುಳ್ಳು ಹೇಳುವುದುಂಟು. ಇಂಜಿನ್ ನಿಲ್ಲಿಸಿ ಎರಡೂ ಕಡೆ ಕಡ್ಡಿ ಬದಲಿಸಿ ಇಟ್ಟು ನೋಡಿ. ಆಗಲೂ ವೋಲ್ಟ್ ತೋರಿಸಿದರೆ ಆ ಮೀಟರನ್ನು ಈ ಪರೀಕ್ಷೆಗೆ ಬಳಸಬೇಡಿ.

ಬೆಲ್ಟ್ ಸಡಿಲವಿದೆಯಾ, ಹೊಳಪೇರಿ ಜಾರುತ್ತಿದೆಯಾ ನೋಡುವುದನ್ನು ಮರೆಯಬೇಡಿ. ಎರಡು ಲಕ್ಷ ಕಿಲೋಮೀಟರ್ ಓಡಿದ ಡೈನಮೋದಲ್ಲಿ ಕಾರ್ಬನ್ ಬ್ರಷ್ ಸವೆದಿರುವುದು ಸಹಜ. ಬ್ರಷ್ ಮತ್ತು ರೆಗ್ಯುಲೇಟರ್ ಬದಲಿಸಿದರೆ ಸಾಕಾಗುವ ಕಡೆ ಇಡೀ ಡೈನಮೋ ಕೊಳ್ಳಬೇಕಿಲ್ಲ.

ಹಂತ 4: ಅರ್ತ್, ಅರ್ತ್, ಅರ್ತ್

ಇಲ್ಲಿಯೇ ಹೆಚ್ಚು ಹೊತ್ತು ಕೂರಿ. ಹಳೇ ಗಾಡಿಯ ಅರ್ಧಕ್ಕರ್ಧ ‘ಅರ್ಥವೇ ಆಗದ’ ತೊಂದರೆಗಳು ಈ ಹಂತದಲ್ಲಿ ಬಗೆಹರಿಯುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಎಲ್ಲರೂ ಮಾಡುವ ತಪ್ಪು ಎಂದರೆ, ಅರ್ತ್ ವೈರಿನ ಎರಡು ತುದಿಗೆ ಮೀಟರ್ ಇಟ್ಟು ಬೀಪ್ ಕೇಳಿಸಿತೆಂದು ‘ಅರ್ತ್ ಸರಿ ಇದೆ’ ಅನ್ನುವುದು. ಐವತ್ತು ಎಳೆಯ ವೈರಿನಲ್ಲಿ ಎರಡೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಡೀಸೆಲ್ ಗಾಡಿಯ ಸೆಲ್ಫ್ 200 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಾರಿಯಲ್ಲಿ 0.01 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕರಗಿಹೋಯಿತು. ಆ 0.01 ಓಮನ್ನು ನಮ್ಮ ಮೀಟರ್ ತೋರಿಸುವುದೇ ಇಲ್ಲ, ಅದರ ಕಡ್ಡಿ-ವೈರಿನ ತಡೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ಇದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಎನ್ನುತ್ತಾರೆ.

ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಮೂರು ಅಳತೆ:

1. ಬ್ಯಾಟರಿಯ ಮೈನಸ್ ಕಂಬಕ್ಕೆ ಒಂದು ಕಡ್ಡಿ, ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಇನ್ನೊಂದು. ಸೆಲ್ಫ್ ಹೊಡೆಯುವಾಗ 0.2 ವೋಲ್ಟ್ ಒಳಗಿರಬೇಕು. ಇಂಜಿನ್ ಹತ್ತಿಕೊಳ್ಳುವ ಮುಂಚಿನ ಒಂದೆರಡು ಸೆಕೆಂಡಿನ ರೀಡಿಂಗ್ ಅದು, ಗರಿಷ್ಠ ಹಿಡಿದಿಡುವ ಬಟನ್ ಇಲ್ಲಿ ಕೆಲಸಕ್ಕೆ ಬರುತ್ತದೆ.

2. ಮೈನಸ್ ಕಂಬ ಮತ್ತು ಬಾಡಿ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್ ಇರುವಾಗ 0.1 ವೋಲ್ಟ್ ಒಳಗೆ.

3. ಇಂಜಿನ್ ಬ್ಲಾಕ್ ಮತ್ತು ಬಾಡಿ. ಇಂಜಿನ್ ಓಡುತ್ತಾ, ಅದೇ ಲೋಡ್ ಇದ್ದಾಗ 0.1 ವೋಲ್ಟ್ ಒಳಗೆ.

ಯಾವುದು ಹೆಚ್ಚು ತೋರಿಸುತ್ತದೋ ಆ ಎರಡು ಜಾಗದ ನಡುವಿನ ವೈರ್, ಬೋಲ್ಟು ಬಿಚ್ಚಿ. ಹೊರಗಿಂದ ನೋಡಿ ಸರಿ ಎನ್ನಬೇಡಿ. ಬೋಲ್ಟ್ ತೆಗೆದು ಕಣ್ಣಿನ ಆಕಾರದ ಲಗ್ಗನ್ನು ತಿರುಗಿಸಿದರೆ, ಮೇಲ್ಮೈ ಬೆಳ್ಳಗಿದ್ದರೂ ಬಾಡಿಗೆ ಅಂಟಿದ ಕೆಳಮುಖದಲ್ಲಿ ಕಂದು ತುಕ್ಕು ಪದರ ಕಟ್ಟಿರುತ್ತದೆ. ಲಗ್ಗಿನಿಂದ ನಾಲ್ಕು ಬೆರಳು ದೂರದಲ್ಲಿ ವೈರನ್ನು ಬಗ್ಗಿಸಿ ನೋಡಿ. ಪ್ಲಾಸ್ಟಿಕ್ ಕೆಳಗೆ ಮರಳಿನಂತೆ ಕರಕರ ಅಂದರೆ ಒಳಗೆ ತಾಮ್ರ ಕಿಲುಬು ಹಿಡಿದು ಪುಡಿಯಾಗಿದೆ. ಅಂಥ ವೈರ್ ಉಜ್ಜಿ ಪ್ರಯೋಜನವಿಲ್ಲ, ಅದೇ ದಪ್ಪದ ಹೊಸದನ್ನೇ ಹಾಕಿ.

ಮಂಡ್ಯದ ಕಡೆ ಬೆಲ್ಲ ಹೊರುವ ಒಂದು ಪಿಕಪ್‌ನಲ್ಲಿ ಕಂಡದ್ದನ್ನು ಇಲ್ಲಿ ಹೇಳಲೇಬೇಕು. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಥರ್ಮೋಸ್ಟಾಟ್, ಸೆನ್ಸರ್ ಎರಡೂ ಬದಲಾಗಿದ್ದವು. ಸೆಲ್ಫ್ ಹೊಡೆದಾಗಲೆಲ್ಲ ಕ್ಲಚ್ ಕೇಬಲ್ ಬಿಸಿಯಾಗಿ ಅದರ ಹೊರಕವಚ ಮೆತ್ತಗಾಗಿತ್ತು. ಗೇರ್‌ಬಾಕ್ಸ್ ಇಳಿಸಿದವರು ಇಂಜಿನ್-ಚಾಸಿ ನಡುವಿನ ಅರ್ತ್ ಪಟ್ಟಿಯನ್ನು ವಾಪಸ್ ಕೂರಿಸಿರಲಿಲ್ಲ. ಸೆಲ್ಫಿನ ಕರೆಂಟ್ ಕ್ಲಚ್ ಕೇಬಲ್ ಹಿಡಿದು ವಾಪಸ್ ಹೋಗುತ್ತಿತ್ತು. ಪಟ್ಟಿ ಹಾಕಿದ ಮೇಲೆ ಮುಳ್ಳು ತನ್ನ ಜಾಗದಲ್ಲಿ ನಿಂತಿತು. ಕ್ಲಚ್, ಗೇರ್‌ಬಾಕ್ಸ್, ಇಂಜಿನ್ ಮೌಂಟಿಂಗ್ ಕೆಲಸ ಆದ ನಂತರ ಶುರುವಾದ ತೊಂದರೆಯಲ್ಲಿ ಮೊದಲು ಹುಡುಕಬೇಕಾದ್ದು ಈ ಪಟ್ಟಿಯನ್ನೇ.

ಹಿಂದಿನ ದೀಪಗಳಿಗೂ ಇದೇ ಲೆಕ್ಕ. ಬ್ರೇಕ್ ತುಳಿದರೆ ಇಂಡಿಕೇಟರ್ ಸಣ್ಣಗೆ ಉರಿಯುವುದು, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪ ಮಿಣುಕುವುದು ಆ ಲ್ಯಾಂಪಿನ ಅರ್ತ್ ಹೋಗಿದೆ ಎಂಬುದರ ಗುರುತು. ಉದ್ದದ ವೈರಿನಿಂದ ಬ್ಯಾಟರಿ ಮೈನಸ್ಸಿಗೆ ತಾತ್ಕಾಲಿಕ ಅರ್ತ್ ಕೊಟ್ಟು ನೋಡಿ. ತಕ್ಷಣ ಸರಿಹೋದರೆ ಅನುಮಾನವೇ ಬೇಡ.

ಹಂತ 5: ಪ್ಲಸ್ ಕಡೆಯ ದಾರಿ

ಅದೇ ಪರೀಕ್ಷೆ, ಈ ಬಾರಿ ಬ್ಯಾಟರಿಯ ಪ್ಲಸ್ ಕಂಬ ಮತ್ತು ಸೆಲ್ಫ್ ಮೋಟರಿನ ದಪ್ಪ ಬೋಲ್ಟ್ ನಡುವೆ. ಸೆಲ್ಫ್ ಹೊಡೆಯುವಾಗ 0.5 ವೋಲ್ಟ್ ಒಳಗಿರಬೇಕು. ಡೈನಮೋದ ದಪ್ಪ ಬೋಲ್ಟ್ ಮತ್ತು ಪ್ಲಸ್ ಕಂಬದ ನಡುವೆ, ಲೋಡ್ ಹಾಕಿ ಇಂಜಿನ್ ಓಡುವಾಗ, 0.3 ಒಳಗೆ. ಬೋಲ್ಟಿಗೆ ಸ್ಪ್ಯಾನರ್ ಹಾಕಬೇಕಾದರೆ ಮೊದಲು ಬ್ಯಾಟರಿ ಮೈನಸ್ ಬಿಚ್ಚಿ.

ಹೆಡ್‌ಲೈಟಿನ ಮಾತು ಬೇರೆ. ಕಂಪನಿಯ 60/55 ವಾಟ್ ಬಲ್ಬ್ ತೆಗೆದು 100/90 ಹಾಕಿಸಿದ ಗಾಡಿಗಳು ಇಲ್ಲಿ ಬೇಕಾದಷ್ಟಿವೆ. ಹೈ ಬೀಮಿನಲ್ಲಿ ಎರಡು 60 ವಾಟಿಗೆ ಸುಮಾರು 10 ಆಂಪಿಯರ್, ಎರಡು 100 ವಾಟಿಗೆ ಹತ್ತಿರ ಹತ್ತಿರ 17. ಹಳೇ ವೈರ್, ಹಳೇ ಸ್ವಿಚ್ ಅಷ್ಟು ತಡೆಯುವುದಿಲ್ಲ. ಬಲ್ಬಿನ ಹಿಂದಿನ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಕಂಪನಿಯ ವಾಟಿನ ಬಲ್ಬಿಗೇ ವಾಪಸ್ ಬರುವುದು ಉತ್ತಮ ಎನ್ನುವವನು ನಾನು.

ಹಂತ 6: ನಿಂತ ಗಾಡಿಯ ಲೀಕೇಜ್

ಎರಡು ದಿನ ನಿಂತರೆ ಬ್ಯಾಟರಿ ಡೌನ್ ಆಗುವ ಗಾಡಿಗೆ ಈ ಹಂತ. ಆಫ್ ಮಾಡಿದ ಗಾಡಿಯೂ ಗಡಿಯಾರ, ಸೆಂಟ್ರಲ್ ಲಾಕ್, ಕಂಪ್ಯೂಟರುಗಳಿಗೆ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತದೆ. ಅದು ಸರಿ. ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು, 45 ಆಂಪಿಯರ್-ಅವರ್ ಬ್ಯಾಟರಿ ಎರಡು ಮೂರು ದಿನದಲ್ಲಿ ಕೈಕೊಡುತ್ತದೆ.

ಬಾನೆಟ್ ತೆರೆದು, ಡ್ರೈವರ್ ಬಾಗಿಲು ತೆರೆದಿಟ್ಟು, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ. ರಿಮೋಟ್ ಕೀ ಮನೆಯೊಳಗೆ ದೂರ ಇಡಿ. ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಮೈನಸ್ ಕೇಬಲ್ಲಿಗೆ ಕ್ಲಿಪ್ ಮಾಡಿ. ಆಮೇಲೆ ಕೇಬಲನ್ನು ಕಂಬದಿಂದ ಎತ್ತಿ. ಮೀಟರ್ ನಡುವೆ ಇರುವಾಗ ಕೀ ತಿರುಗಿಸುವುದು, ಸೆಲ್ಫ್ ಹೊಡೆಯುವುದು ಕೂಡದು. ಮೀಟರಿನ ಫ್ಯೂಸ್ ಹೋಗುವುದು ಗ್ಯಾರಂಟಿ.

ಈಗ ಅರ್ಧ ಗಂಟೆ ಕಾಯಿರಿ. ಎತ್ತಿದ ಕೂಡಲೇ 2 ಆಂಪಿಯರ್ ಕಂಡು ಹೆದರಿ ಫ್ಯೂಸ್ ಕೀಳಲು ಶುರು ಮಾಡುವುದೇ ಇಲ್ಲಿನ ದೊಡ್ಡ ತಪ್ಪು. ಗಾಡಿಯ ಮಾಡ್ಯೂಲ್‌ಗಳು (ಸಣ್ಣ ಕಂಪ್ಯೂಟರುಗಳು) ಮಲಗಲು ಹೊತ್ತು ಬೇಕು. ಮಲಗಿದ ಮೇಲೂ 50 ಮಿಲಿಆಂಪಿಯರ್ ದಾಟಿದ್ದರೆ, ಫ್ಯೂಸುಗಳನ್ನು ಕೀಳುವ ಬದಲು ಒಂದೊಂದರ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೆ ಇನ್ನೊಂದು ಮೀಟರನ್ನು ಮಿಲಿವೋಲ್ಟಿನಲ್ಲಿಟ್ಟು ನೋಡಿ. ಕರೆಂಟ್ ಹರಿಯದ ಫ್ಯೂಸ್ ಮೇಲೆ ಸೊನ್ನೆ. ಹರಿಯುತ್ತಿದ್ದರೆ ಮಿಲಿವೋಲ್ಟಿನ ಒಂದು ಸಣ್ಣ ಭಾಗವಾದರೂ ಕಾಣುತ್ತದೆ. ಫ್ಯೂಸ್ ಕಿತ್ತು ಹಾಕಿದರೆ ಮಾಡ್ಯೂಲ್ ಮತ್ತೆ ಎಚ್ಚರಗೊಂಡು ಲೆಕ್ಕ ಕೆಡುತ್ತದೆ.

ಯಾವ ಫ್ಯೂಸಿನಲ್ಲೂ ಸಿಗದಿದ್ದರೆ ಡೈನಮೋ ಡಯೋಡ್ ನೆನಪಿಸಿಕೊಳ್ಳಿ, ಅದರ ವೈರ್ ಒಳಗಿನ ಸಣ್ಣ ಫ್ಯೂಸುಗಳ ಮೂಲಕ ಬರುವುದಿಲ್ಲ. ಆಮೇಲೆ ಹೊರಗೆ ಹಾಕಿಸಿದ ಸಾಮಾನು: ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಯಲ್ಲೋ ಬೋರ್ಡ್ ಗಾಡಿಯ ಜಿಪಿಎಸ್ ಟ್ರ್ಯಾಕರ್. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿದೆಯೋ ಎಂದು ಮೊಬೈಲಿನ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿ ನೋಡಿ.

ಹಂತ 7: ಪದೇ ಪದೇ ಹೋಗುವ ಫ್ಯೂಸ್

10 ಆಂಪಿಯರಿನ ಕೆಂಪು ಫ್ಯೂಸ್ ಹೋಯಿತೆಂದು 20ರ ಹಳದಿ ಹಾಕುವುದು, ತಾಮ್ರದ ಎಳೆ ಸುತ್ತುವುದು ಎರಡೂ ಗಾಡಿಗೆ ಬೆಂಕಿ ಇಡುವ ಕೆಲಸ. ಫ್ಯೂಸ್ ಜಾಗಕ್ಕೆ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಜೋಡಿಸಿ. ಆ ಲೈನಿನ ಸ್ವಿಚ್‌ಗಳೆಲ್ಲ ಆಫ್ ಇದ್ದರೂ ಲ್ಯಾಂಪ್ ಜೋರಾಗಿ ಉರಿದರೆ ಶಾರ್ಟ್ ಇದೆ. ವೈರಿಂಗನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಿ, ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ. ಲ್ಯಾಂಪ್ ಆರಿದ ಕಡೆ ದೋಷ.

ಕಬ್ಬಿನ ಗದ್ದೆ, ಆಲೆಮನೆ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಮೊದಲು ಇಲಿಯ ಗುರುತು ಹುಡುಕಿ: ಬ್ಯಾಟರಿ ಟ್ರೇ ಕೆಳಗೆ, ಏರ್ ಫಿಲ್ಟರ್ ಡಬ್ಬದೊಳಗೆ, ಇಂಜಿನ್ ಮೇಲಿನ ಕವರಿನಡಿ. ಹಿಕ್ಕೆ, ಹುಲ್ಲು, ಸ್ಪಂಜಿನ ಚೂರು ಕಂಡರೆ ಅಲ್ಲಿನ ವೈರುಗಳ ಟೇಪ್ ಪೂರ್ತಿ ಬಿಚ್ಚಿ ನೋಡಿ.

ಹಂತ 8: ಬಂದು ಹೋಗುವ ದೋಷ

ಒಂದೆರಡು ಜಾಗ ಎಲ್ಲ ಹಳೇ ಗಾಡಿಗೂ ಸಮಾನ. ಡ್ರೈವರ್ ಬಾಗಿಲು ಮತ್ತು ಅದರ ಕೀಲು ಕೂತ ಬಾಡಿ ಕಂಬದ ನಡುವಿನ ರಬ್ಬರ್ ಕೊಳವೆಯನ್ನು ಹೊರಗೆಳೆದು ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆಯಿರಿ. ಹಿಗ್ಗುವ ವೈರಿನೊಳಗೆ ತಾಮ್ರ ತುಂಡಾಗಿದೆ. ಪವರ್ ವಿಂಡೋ, ಲಾಕ್, ಸ್ಪೀಕರ್ ಕೈಕೊಡುವುದು ಇದರಿಂದ. ಡಿಕ್ಕಿ ಬಾಗಿಲಿನ ಕೊಳವೆಯೂ ಹಾಗೆಯೇ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಮಾತ್ರ ಹಾರ್ನ್ ಸತ್ತು ಏರ್‌ಬ್ಯಾಗ್ ದೀಪ ಹತ್ತಿದರೆ ಸ್ಟಿಯರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಸ್ಟಿಯರಿಂಗ್ ತಿರುಗಿದರೂ ಕನೆಕ್ಷನ್ ತಪ್ಪದಂತೆ ಸುತ್ತಿಟ್ಟ ವೈರ್ ಪಟ್ಟಿ) ಹೋಗಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಮೈಸೂರಿನ ರಸ್ತೆ ಬದಿಯ ಗುಲ್‌ಮೊಹರ್ ಮರಗಳ ಸಣ್ಣ ಎಲೆಗಳು ವೈಪರ್ ಕೆಳಗಿನ ಜಾಲರಿಯಿಂದ ಒಳಗಿಳಿದು ನೀರು ಹೋಗುವ ತೂತು ಮುಚ್ಚುತ್ತವೆ. ಮಳೆನೀರು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ತನಕ ಬರಬಹುದು. ಕಾರ್ಪೆಟ್ ಎತ್ತಿ ಕೈಯಿಂದ ಮುಟ್ಟಿ ನೋಡಿ, ತೇವ ಇದ್ದರೆ ಜಾಲರಿ ಮತ್ತು ಎಸಿ ಡ್ರೇನ್ ಪೈಪ್ ಎರಡನ್ನೂ ಸ್ವಚ್ಛ ಮಾಡಿ.

ಟ್ರಯಲ್‌ಗೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಅಲ್ಲಿ ಗಾಡಿ ಅಲುಗುವುದೇ ಕಡಿಮೆ. ಪಕ್ಕದ ಸರ್ವಿಸ್ ರಸ್ತೆಯ ಹಂಪುಗಳಲ್ಲಿ, ಲೈಟ್ ಮತ್ತು ಬ್ಲೋವರ್ ಹಾಕಿಕೊಂಡು ಓಡಿಸಿ.

ಹಂತ 9: ಕೊನೆಗೆ ಸ್ಕ್ಯಾನರ್

ವೋಲ್ಟೇಜ್, ಅರ್ತ್ ಸರಿಪಡಿಸಿದ ಮೇಲೆ ಕೋಡ್‌ಗಳನ್ನು ಬರೆದುಕೊಂಡು ಅಳಿಸಿ, ನಾಲ್ಕು ದಿನ ಓಡಿಸಿ, ಮತ್ತೆ ಓದಿ. ವಾಪಸ್ ಬಂದವು ಮಾತ್ರ ನಿಜವಾದವು. ಪಿ0562 ಎಂದರೆ ವೋಲ್ಟೇಜ್ ಕಡಿಮೆ, ಪಿ0563 ಎಂದರೆ ಹೆಚ್ಚು. ಇವುಗಳ ಜೊತೆಗೆ ಹತ್ತು ಸೆನ್ಸರ್ ಕೋಡ್ ಬಂದಿದ್ದರೂ ಮೊದಲು ಇವೆರಡನ್ನೇ ಹಿಡಿಯಿರಿ.

ಗಾಡಿ ಓಡಿಸುವುದನ್ನು ನಿಲ್ಲಿಸಬೇಕಾದ ಗುರುತುಗಳು

ಪ್ಲಾಸ್ಟಿಕ್ ಸುಟ್ಟ ವಾಸನೆ, ಫ್ಯೂಸ್ ಬಾಕ್ಸ್ ಅಥವಾ ಇಗ್ನಿಷನ್ ಸ್ವಿಚ್ ಮುಟ್ಟಲಾಗದಷ್ಟು ಬಿಸಿ, ಬ್ಯಾಟರಿ ಊದಿರುವುದು, ಕೊಳೆತ ಮೊಟ್ಟೆಯ ವಾಸನೆ, ಓಡುವಾಗ ಎಲ್ಲ ದೀಪ ಒಟ್ಟಿಗೆ ಆರಿ ಹತ್ತುವುದು. ಇವುಗಳಲ್ಲಿ ಒಂದು ಕಂಡರೂ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಬ್ಯಾಟರಿ ಊದಿಲ್ಲ, ಕೊಳೆತ ಮೊಟ್ಟೆಯ ವಾಸನೆ ಇಲ್ಲ ಎಂದಾದರೆ ಮೈನಸ್ ಬಿಚ್ಚಿ. ಊದಿದ ಬ್ಯಾಟರಿಯ ಹತ್ತಿರ ಹೋಗದೆ ಮೆಕ್ಯಾನಿಕ್ ಕರೆಸಿ.

ರಿಪೇರಿ ಮುಗಿದ ದಿನ

ಜಾಯಿಂಟ್ ಹಾಕಿದ ಕಡೆ ಬರೀ ಟೇಪ್ ಸುತ್ತಿ ಬಿಟ್ಟರೆ ನಮ್ಮ ಬಿಸಿಲಿಗೆ ಅಂಟು ಕರಗಿ ಮುಂದಿನ ಮಳೆಗಾಲಕ್ಕೆ ನೀರು ಒಳಗೆ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಅದುಮಿ) ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ, ಹತ್ತಿರದ ಬ್ರಾಕೆಟ್ಟಿಗೆ ಟೈ ಕಟ್ಟಿ. ಆಮೇಲೆ 2, 3, 4ನೇ ಹಂತದ ಅಳತೆಗಳನ್ನು ಮತ್ತೊಮ್ಮೆ ತೆಗೆದು, ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಕೈಮೀರಿದ ಕೆಲಸವನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯುವಾಗಲೂ ಆ ಪುಟ ಜೊತೆಗಿರಲಿ. ‘ಬ್ಯಾಟರಿ ಬದಲಿಸಿ’ ಎಂದು ನೀವೇ ಹೇಳಬೇಡಿ. ‘ಸೆಲ್ಫ್ ಹೊಡೆದಾಗ ಬ್ಯಾಟರಿಯಲ್ಲಿ 11 ವೋಲ್ಟ್ ನಿಲ್ಲುತ್ತೆ, ಬ್ಲಾಕಿಗೂ ಮೈನಸ್ಸಿಗೂ ನಡುವೆ 0.8 ಬರ್ತಿದೆ ಅಣ್ಣ’ ಎಂದು ಹೇಳಿ, ಪುಟ ತೋರಿಸಿ.